ಎಡಬದಿಯ ಆಟಗಾರ

ಜೂನ್ 3, ಮಂಗಳವಾರ

ರಕ್ತದೊತ್ತಡ ನೋಡಿದ ಡಾಕ್ಟರು, "ಮನಸ್ಸಲ್ಲಿ ಇರೋದನ್ನ ಯಾರ ಹತ್ರನಾದ್ರೂ ಹೇಳ್ಕೊಳ್ಳಿ" ಎಂದರು. ಅಕ್ಕನ ಹತ್ತಿರ ಹೇಳಿಕೊಂಡರೆ ಒತ್ತಡ ಇನ್ನಷ್ಟು ಏರುತ್ತದೆ. ಹಾಗಾಗಿ ಬರೆಯುವುದೆಂದು ತೀರ್ಮಾನಿಸಿದ್ದೇನೆ.

ಮನಸ್ಸಿನಲ್ಲಿ ಇರುವುದು ಒಂದೇ: ಮಿಂಚು. ಪತ್ರಿಕೆಯವರು ಅವನಿಗೆ ಇಟ್ಟ ಹೆಸರು ಅದು. ಇಪ್ಪತ್ತೆರಡು ವರ್ಷ. ಎದುರು ತಂಡದವರು ತಿರುಗಿ ನೋಡುವಷ್ಟರಲ್ಲಿ ಚೆಂಡಿನ ಸಮೇತ ಗೋಲಿನ ಬಾಯಲ್ಲಿ ಇರುತ್ತಾನೆ. ದೇಶದ ದೊಡ್ಡ ಕ್ಲಬ್ಬು ಅವನನ್ನು ಕೇಳುತ್ತಿದೆ. ಇವತ್ತು ಅವರೇ ಎರಡು ಸಲ ಫೋನ್ ಮಾಡಿದರು. ನನ್ನ ಇಷ್ಟು ವರ್ಷದ ಕಸುಬಿನಲ್ಲಿ ದೊಡ್ಡ ಕ್ಲಬ್ಬುಗಳಿಗೆ ನಾನು ಫೋನ್ ಮಾಡಿದ್ದುಂಟೇ ಹೊರತು ಅವರು ನನಗೆ ಮಾಡಿದ್ದಿಲ್ಲ. ಈ ಒಂದು ವ್ಯವಹಾರ ಕುದುರಿದರೆ ದರ್ಜಿ ಅಂಗಡಿಯ ಮೇಲಿನ ಈ ಆಫೀಸು ಬಿಟ್ಟು ಬೇರೆ ಕಡೆ ಹೋಗಬಹುದು. ಹೊಲಿಗೆ ಮೆಷಿನ್ನಿನ ಸದ್ದಿನಲ್ಲಿ ಮಾತಾಡಿ ಮಾತಾಡಿ ನನ್ನ ಗಂಟಲೇ ದೊಡ್ಡದಾಗಿಬಿಟ್ಟಿದೆ.

ತಮ್ಮ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಅಕ್ಕ, "ಕಾಲು ಮಾರ್ತಾನೆ. ತನ್ನದಲ್ಲ, ಬೇರೆಯವರದ್ದು" ಎನ್ನುತ್ತಾಳೆ. ನಾನು ಫುಟ್‌ಬಾಲ್ ಆಟಗಾರರ ಏಜೆಂಟ್ ಎಂದು ತಿದ್ದುತ್ತೇನೆ. "ಅದೇ ಅಲ್ವಾ ನಾನು ಹೇಳಿದ್ದು" ಎನ್ನುತ್ತಾಳೆ.

ಇನ್ನೊಂದು ಸುದ್ದಿ. ನನ್ನ ಇನ್ನೊಬ್ಬ ಆಟಗಾರ ಬೇಲಿ ಬೆಳಿಗ್ಗೆ ಅಭ್ಯಾಸದಲ್ಲಿ ಎಡ ಮಂಡಿ ತಿರುಚಿಕೊಂಡನಂತೆ. ಒಳಗಿನ ಲಿಗಮೆಂಟ್ ಹರಿದಿದೆ. ಮೂವತ್ತು ತುಂಬಿದ ಲೆಫ್ಟ್ ಬ್ಯಾಕ್, ಎಡಬದಿ ಕಾಯುವವನು. ಯಾರನ್ನೂ ದಾಟಲು ಬಿಡುವುದಿಲ್ಲ ಎಂದು ಆ ಹೆಸರು. ಒಮ್ಮೆ ತಪ್ಪಿ ತನ್ನದೇ ಬಲೆಗೆ ಹೊಡೆದಾಗ, 'ಬೇಲಿಯೇ ಎದ್ದು ಹೊಲ ಮೇಯ್ದಿತು' ಎಂದು ಪತ್ರಿಕೆಗಳು ಹಬ್ಬ ಮಾಡಿದ್ದವು. ಅವನ ಹೆಸರು ದಪ್ಪ ಅಕ್ಷರದಲ್ಲಿ ಬಂದದ್ದು ಆ ಒಂದೇ ಸಲ. ಪಾಪ. ನಾಳೆ ಫೋನ್ ಮಾಡಬೇಕು.

ಜೂನ್ 7, ಶನಿವಾರ

ನಾಳೆ ನಾಳೆ ಎಂದು ಇವತ್ತಾಯಿತು. ಅಷ್ಟರಲ್ಲಿ ಕ್ಲಬ್ಬಿನವರು ಕೆಲಸ ಮುಗಿಸಿದ್ದರು. ಬೇಲಿಯ ಒಪ್ಪಂದ ಈ ತಿಂಗಳಿಗೆ ಮುಗಿಯುತ್ತದೆ, ಮುಂದುವರಿಸುವುದಿಲ್ಲ. ಆಪರೇಷನ್ ವಿಮೆಯಲ್ಲಿ ಆಗುತ್ತದೆ, ಕ್ಲಬ್ಬು ಕೊಟ್ಟಿದ್ದ ಮನೆ ಮಾತ್ರ ಖಾಲಿ ಮಾಡಬೇಕು. ನಾನು ಹೋದಾಗ ಎರಡು ಚೀಲ, ಒಂದು ಟೇಬಲ್ ಫ್ಯಾನ್ ಇಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದ. ಕಾಲಿಗೆ ತೊಡೆಯಿಂದ ಮೀನಖಂಡದ ತನಕ ಪಟ್ಟಿ.

"ಎಲ್ಲಿಗೆ ಹೋಗ್ತೀಯಾ?" ಎಂದೆ.

"ಅದನ್ನೇ ಯೋಚನೆ ಮಾಡ್ತಾ ಇದೀನಿ ಸಾರ್. ನೀವು ಯಾಕೆ ಬಂದ್ರಿ ಬಿಸಿಲಲ್ಲಿ?"

ರೂಮು ಸಿಗುವ ತನಕ, ನಾಲ್ಕು ದಿನದ ಮಟ್ಟಿಗೆ, ಮನೆಗೆ ಕರೆತಂದೆ. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಮೆಟ್ಟಿಲಿಗೆ ಬೆನ್ನು ಹಾಕಿ, ಕುಳಿತು, ಕೈ ಊರಿ, ಒಂದೊಂದಾಗಿ ಮೇಲೇರಿದ. ಅಕ್ಕ ಮೇಲಿನಿಂದ ಬಗ್ಗಿ ನೋಡುತ್ತಿದ್ದಳು. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು, ನಿವೃತ್ತಿ ಆದರೂ ಗಂಟಲಿಗೆ ನಿವೃತ್ತಿ ಇಲ್ಲ. "ನಿಧಾನ, ನಿಧಾನ! ಇಳಿಯೋರು ಯಾರೂ ಇಲ್ಲ, ಹತ್ತೋರೇ! ಆರಾಮಾಗಿ ಬನ್ನಿ!" ಎಂದು ಕೂಗಿದಳು. ಎಲ್ಲ ಮಹಡಿಯವರೂ ಬಾಗಿಲು ತೆಗೆದು ನೋಡಿದರು. ನನಗೆ ನಾಚಿಕೆಯಾಯಿತು.

ಜೂನ್ 8, ಭಾನುವಾರ

ಗೊರಕೆ ಹೊಡೆಯುತ್ತಾನೆ. ನಾಳೆಯಿಂದಲೇ ರೂಮು ಹುಡುಕಬೇಕು.

ಜೂನ್ 17, ಮಂಗಳವಾರ

ಬೇಲಿಯ ಆಪರೇಷನ್ ಆಯಿತು. ಮಿಂಚಿನ ವ್ಯವಹಾರವೆಲ್ಲ ನೋಡಿಕೊಳ್ಳುವ ಅವನ ಭಾವನ ಜೊತೆ ಮಾತುಕತೆಗೆ ಹೋಗಬೇಕಿತ್ತು, ಇದೇ ಹೊತ್ತಿಗೆ ಇದು. ದಾಖಲು ಮಾಡುವ ಕೌಂಟರಿನಲ್ಲಿ ನರ್ಸಮ್ಮ, "ನೀವು ಪೇಷಂಟ್‌ಗೆ ಏನಾಗ್ಬೇಕು?" ಎಂದು ಕೇಳಿದರು.

"ಏಜೆಂಟ್."

"ಇನ್ಶೂರೆನ್ಸಾ?"

"ಅಲ್ಲಮ್ಮ, ಫುಟ್‌ಬಾಲು."

ಆಕೆ ಪೆನ್ನು ಕೆಳಗಿಟ್ಟು ನನ್ನನ್ನು ಒಂದು ಸಲ, ಅವನನ್ನು ಒಂದು ಸಲ ನೋಡಿದರು. "ಸಂಬಂಧಿಕರು ಯಾರೂ ಬಂದಿಲ್ವಾ?" ಎಂದರು. "ಇವತ್ತಿಗೆ ನಾನೇ" ಎಂದೆ. ಸ್ಟ್ರೆಚರ್ ಮೇಲಿದ್ದ ಬೇಲಿ ಚಾವಣಿ ನೋಡುತ್ತ ನಕ್ಕ.

ಮಿಂಚಿನ ಭಾವ ಸಂಜೆ ಫೋನ್ ತೆಗೆಯಲಿಲ್ಲ. ಇದು ಒಳ್ಳೆಯ ಲಕ್ಷಣವಲ್ಲ.

ಜುಲೈ 2, ಬುಧವಾರ

ದೊಡ್ಡ ಏಜೆನ್ಸಿಯೊಂದು ಮಿಂಚಿನ ಸುತ್ತ ಸುಳಿಯುತ್ತಿದೆ. ಗಾಜಿನ ಕಟ್ಟಡ, ವಕೀಲರು, ಕಾರು ಕಳಿಸುತ್ತಾರೆ, ಕಾಫಿ ಕೊಡುವುದಕ್ಕೇ ಒಬ್ಬರಿದ್ದಾರೆ. ಮಿಂಚನ್ನು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾನೆ. "ಭಾವನ ಹತ್ರ ಕೇಳಿ ಸಾರ್." ಭಾವನನ್ನು ಕೇಳಿದರೆ, "ಹುಡುಗನ ಇಷ್ಟ ಸಾರ್."

ಮನೆಯಲ್ಲೂ ನೆಮ್ಮದಿ ಇಲ್ಲ. ನನ್ನ ಕಿಟಕಿ ಪಕ್ಕದ ಕುರ್ಚಿಯನ್ನು ಬೇಲಿಗೆ ಕೊಟ್ಟಿದ್ದಾಳೆ ಅಕ್ಕ, ಅವನ ಕಾಲು ನೀಡಲು ಅದೇ ಆಗಬೇಕಂತೆ. ಮೊದಲ ವಾರ 'ನೀವು, ತಾವು' ಎನ್ನುತ್ತಿದ್ದವಳು ಈಗ "ಲೋ, ಆಲೂಗಡ್ಡೆ ಸುಲಿದಾಯ್ತೇನೋ?" ಎನ್ನುತ್ತಾಳೆ. ಅವನು ಕುಳಿತಲ್ಲೇ ಸುಲಿಯುತ್ತಾನೆ, ಇಸ್ತ್ರಿ ಮಾಡುತ್ತಾನೆ. ನನ್ನ ಶರ್ಟಿನ ಕಾಲರು ಇಷ್ಟು ನೆಟ್ಟಗೆ ನಿಂತದ್ದು ಇದೇ ಮೊದಲು, ಅದೊಂದನ್ನು ಒಪ್ಪಬೇಕು.

ಫಿಸಿಯೋ ಮೇಡಂ ವಾರಕ್ಕೆ ಮೂರು ದಿನ ಬರುತ್ತಾರೆ. ನನ್ನ ಭುಜಕ್ಕೆ ಬರುವಷ್ಟು ಎತ್ತರದ ಹೆಂಗಸು, ಅವನ ಮಂಡಿ ಮಡಿಸುವಾಗ ಮೂರನೇ ಮಹಡಿಯಿಂದ ಬೀದಿಗೆ ಕೇಳುವ ಹಾಗೆ ಕಿರುಚಿಸುತ್ತಾರೆ. "ಕಿರುಚಿ, ಕಿರುಚಿ. ಕಿರುಚೋಕೆ ದುಡ್ಡು ಕೊಡ್ಬೇಕಾಗಿಲ್ಲ. ಕಾಲು ಮಾತ್ರ ಎಳ್ಕೋಬೇಡಿ" ಎನ್ನುತ್ತಾರೆ.

ನಾನು ಫೋನಿನಲ್ಲಿ ಮಾತಾಡುವುದನ್ನೆಲ್ಲ ಬೇಲಿ ಕೇಳಿಸಿಕೊಳ್ಳುತ್ತಾನೆ, ಅದೇ ಕಿರಿಕಿರಿ. ಇವತ್ತು ದೊಡ್ಡ ಕ್ಲಬ್ಬಿನವರ ಜೊತೆ ಮಾತು ಮುಗಿಸಿ ಫೋನ್ ಇಟ್ಟಾಗ, "ಸಾರ್, ಬೇಜಾರು ಮಾಡ್ಕೋಬೇಡಿ. ತುಂಬ ಸಲ 'ದಯವಿಟ್ಟು' ಅಂದ್ರಿ" ಎಂದ.

"ಅಂದ್ರೆ ಏನಾಯ್ತು?"

"ಗ್ರೌಂಡಲ್ಲಿ ನಮ್ಗೂ ಗೊತ್ತಾಗುತ್ತೆ ಸಾರ್, ಎದುರಿಗಿರೋನು ಯಾವಾಗ ಹೆದರಿದಾನೆ ಅಂತ."

ಸಿಟ್ಟು ಬಂತು. ನೀನು ಮಂಡಿ ನೋಡಿಕೋ ಎಂದೆ. ಸಂಜೆ ಮತ್ತೆ ಮಾತಾಡಿದಾಗ ಒಂದೇ ಸಲ ಅಂದೆ.

ಜುಲೈ 20, ಭಾನುವಾರ

ಮಿಂಚು ಮನೆಗೆ ಬಂದಿದ್ದ. ಒಬ್ಬನೇ, ಟೋಪಿ ಹಣೆಯ ತನಕ ಎಳೆದುಕೊಂಡು. ಅವನು ಬಂದ ರೀತಿಯಲ್ಲೇ ನನಗೆ ವಿಷಯ ತಿಳಿಯಿತು. ಸಿಹಿಸುದ್ದಿ ತರುವವನು ಬಾಗಿಲಲ್ಲಿ ಅಷ್ಟು ಹೊತ್ತು ಶೂ ಬಿಚ್ಚುತ್ತಿರಲಿಲ್ಲ.

ಅಕ್ಕ ತಟ್ಟೆ ಹಾಕಿದಳು. ತಿಂದ. ಬೇಲಿಯ ಮಂಡಿ ನೋಡಿದ. ಹೊಲಿಗೆಯ ಗುರುತು ಮುಟ್ಟಿ, "ನೋವಾಗುತ್ತಾ?" ಎಂದು ಕೇಳಿದ. ಹೇಗೆ ಬಿದ್ದೆ, ಸದ್ದು ಕೇಳಿತಾ, ಎಷ್ಟು ತಿಂಗಳು, ಮತ್ತೆ ಹೇಗೆ ಬಿದ್ದೆ. ಕೇಳಿದ್ದನ್ನೇ ಕೇಳಿದ. ನನ್ನ ಕಡೆ ಮಾತ್ರ ತಿರುಗಲಿಲ್ಲ. ನಾನೂ ಸಹಾಯ ಮಾಡಲಿಲ್ಲ, ಪತ್ರಿಕೆ ಹಿಡಿದು ಕುಳಿತಿದ್ದೆ.

ಕೊನೆಗೆ ಬೇಲಿಯೇ, "ಲೋ, ಅವರಿಗೆ ಗೊತ್ತು ಕಣೋ. ಹೇಳ್ಬಿಡು. ನೀನು ಹೇಳದೇ ಹೋದ್ರೆ ನಿನಗೇ ಕಷ್ಟ, ಅವರಿಗಲ್ಲ" ಎಂದ.

ಮಿಂಚು ನನ್ನ ಮುಂದೆ ಬಂದು ನಿಂತ. "ಸಾರ್, ಆ ಏಜೆನ್ಸಿಗೆ ಹೋಗ್ತಿದೀನಿ. ಭಾವ ಎಲ್ಲಾ ಮಾತಾಡಿಬಿಟ್ಟಿದಾರೆ. ನೀವು ನನ್ನನ್ನ ಹತ್ತು ಜನ ನೋಡೋ ಮ್ಯಾಚಿಂದ ಕರ್ಕೊಂಡು ಬಂದ್ರಿ. ನನಗೆ... ನನಗೆ ಇಲ್ಲ ಅನ್ನೋಕೆ ಬರಲ್ಲ ಸಾರ್. ಅವರಿಗೂ ಇಲ್ಲ ಅನ್ನೋಕಾಗ್ಲಿಲ್ಲ, ನಿಮಗೂ ಅನ್ನೋಕಾಗ್ತಿಲ್ಲ."

ಏನೇನೋ ಹೇಳಬೇಕೆಂದು ತಿಂಗಳಿಂದ ಕೂಡಿಟ್ಟಿದ್ದೆ. ಹತ್ತಿದ ಏಣಿ ಒದೆಯುವ ಮಾತು, ಉಪ್ಪು ತಿಂದ ಮನೆಯ ಮಾತು. ಅವನು ಟೋಪಿ ತೆಗೆದು ಶಾಲೆಯ ಹುಡುಗನ ಹಾಗೆ ಎದೆಗೆ ಹಿಡಿದಿದ್ದ. "ಅವರ ವಕೀಲರು ಏನು ಕೊಟ್ರೂ ಓದಿ ಸಹಿ ಹಾಕು. ಅರ್ಥ ಆಗದೇ ಇದ್ರೆ ಅರ್ಥ ಆಗಲಿಲ್ಲ ಅನ್ನು, ಅದು ಇಲ್ಲ ಅನ್ನೋದಕ್ಕಿಂತ ಸುಲಭ" ಎಂದೆ. ಬಗ್ಗಿ ನನ್ನ ಕಾಲು ಮುಟ್ಟಲು ಬಂದ, ತಡೆದೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಜುಲೈ 21, ಸೋಮವಾರ

ಅಕ್ಕ ಇವತ್ತು ಪಾತ್ರೆಗಳನ್ನು ಸದ್ದಿಲ್ಲದೆ ತೊಳೆದಳು. ನನ್ನ ಸ್ಥಿತಿ ಎಷ್ಟು ಕೆಟ್ಟದಾಗಿ ಕಾಣುತ್ತಿದೆ ಎಂದು ಆಗ ತಿಳಿಯಿತು.

ಆಗಸ್ಟ್ 14, ಗುರುವಾರ

ಬೇಲಿ ಊರುಗೋಲು ಬಿಟ್ಟು ನಡೆದ!

ಅಡುಗೆಮನೆಯ ಬಾಗಿಲಿಂದ ಕಿಟಕಿಯ ತನಕ. ಫಿಸಿಯೋ ಮೇಡಂ ಒಂದು ಪಕ್ಕ, ನಾನು ಇನ್ನೊಂದು ಪಕ್ಕ, ಇಬ್ಬರೂ ಮುಟ್ಟಬಾರದು, ಬಿದ್ದರೆ ಹಿಡಿಯಬೇಕು ಎಂದು ಆಜ್ಞೆ. ನಡುಮನೆಯಲ್ಲಿ ಅವನು ನಿಂತುಬಿಟ್ಟ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಮೇಡಂ ಏನೋ ಹೇಳಹೊರಟರು, ಅಷ್ಟರಲ್ಲಿ ಹಿಂದಿನಿಂದ ಅಕ್ಕ, "ಮುಂದೆ ನಡೀರಿ, ಮುಂದೆ ನಡೀರಿ, ಮುಂದೆ ಜಾಗ ಖಾಲಿ ಇದೆ!" ಎಂದು ತನ್ನ ಹಳೆಯ ಗಂಟಲಲ್ಲಿ ಕೂಗಿದಳು. ಅವನು ನಗುತ್ತಲೇ ಉಳಿದ ಹೆಜ್ಜೆ ಹಾಕಿ ಕಿಟಕಿಯ ಸರಳು ಹಿಡಿದ. ಮೇಡಂ ನಗಲಿಲ್ಲ, ಆದರೆ ಮೊದಲ ಸಲ ನಮ್ಮ ಮನೆಯಲ್ಲಿ ಕುಳಿತು ಚಹಾ ಕುಡಿದರು. "ಈ ಪೇಷಂಟ್ ಪರವಾಗಿಲ್ಲ. ನೋವು ಎಲ್ಲಿ ಅಂತ ಸರಿಯಾಗಿ ಹೇಳ್ತಾನೆ. ಉಳಿದೋರೆಲ್ಲ 'ಇಲ್ಲೆಲ್ಲೋ' ಅಂತಾರೆ" ಎಂದರು.

ಸಂಜೆ ಮತ್ತೆ ಊರುಗೋಲು ಹಿಡಿದ ಬೇಲಿ, ನಾನು ಒಂದು ರೂಮು ನೋಡಿಕೊಂಡು ಬಂದೆವು. ಗಾಳಿಯೇ ಇಲ್ಲ. ಹೋದ ವಾರ ನೋಡಿದ್ದರಲ್ಲಿ ಗಾಳಿ ಹೆಚ್ಚು. ಅವನಿಗೇನು, ಯಾವುದಾದರೂ ಆದೀತು ಎನ್ನುತ್ತಾನೆ. ನಾನೇ ಬೇಡವೆಂದೆ. ಮಂಡಿಗೆ ಥಂಡಿ ಹಿಡಿದರೆ?

ಮಿಂಚು ದೊಡ್ಡ ಕ್ಲಬ್ಬಿಗೆ ಸಹಿ ಹಾಕಿದನಂತೆ. ಟಿವಿಯಲ್ಲಿ ಬಂತು.

ಅಕ್ಟೋಬರ್ 9, ಗುರುವಾರ

ಬಹಳ ದಿನದಿಂದ ಬರೆದಿಲ್ಲ. ಬೆಳಿಗ್ಗೆ ಶಾಲೆಯ ಮೈದಾನಕ್ಕೆ ಹೋಗಬೇಕು, ಸಮಯ ಸಿಗುವುದಿಲ್ಲ. ಬೇಲಿ ನಿಧಾನವಾಗಿ ಓಡುತ್ತಾನೆ. ಅವನ ಜೊತೆ ಅರ್ಧ ಸುತ್ತು ನಾನೂ ಓಡುತ್ತೇನೆ, ಉಳಿದರ್ಧ ಏದುಸಿರು ಬಿಡುತ್ತ ಸಲಹೆ ಕೊಡುತ್ತೇನೆ. ನನಗೂ ಓಟದ ಶೂ ತಂದೆ. ಅಕ್ಕ ನೋಡಿ, "ಈಗ ಸ್ವಂತ ಕಾಲು ಮಾರೋಕೆ ಹೊರಟ್ಯಾ?" ಎಂದಳು.

ಕ್ಲಬ್ಬುಗಳಿಗೆಲ್ಲ ಫೋನ್ ಮಾಡುತ್ತಿದ್ದೇನೆ. "ಮೂವತ್ತಾ? ಮಂಡಿನಾ? ಆಮೇಲೆ ನೋಡೋಣ ಬಿಡಿ." ಎಲ್ಲರದೂ ಒಂದೇ ರಾಗ. ಇವತ್ತು ಎರಡನೇ ದರ್ಜೆಯ ಒಂದು ಸಣ್ಣ ಕ್ಲಬ್ಬಿನ ಮ್ಯಾನೇಜರ್ ಸಿಕ್ಕರು. ಸದಾ ಕೆಮ್ಮುವ ಮನುಷ್ಯ. ಕಾಡಿ, ಬೇಡಿ, ಮೂಗು ಹಿಡಿದು ಬಾಯಿ ಬಿಡಿಸಿದ ಮೇಲೆ, "ಜನವರಿಯಲ್ಲಿ ಕರ್ಕೊಂಡು ಬನ್ನಿ, ಆಡಿಸಿ ನೋಡ್ತೀನಿ" ಎಂದರು. ಎಷ್ಟು ಸಲ 'ದಯವಿಟ್ಟು' ಎಂದೆನೋ ಏನೋ. ಬೇಲಿ ಪಕ್ಕದಲ್ಲೇ ಇದ್ದ, ಈ ಸಲ ಏನೂ ಹೇಳಲಿಲ್ಲ. ಬಟ್ಟೆ ಮಡಿಸುತ್ತಿದ್ದವನು ಒಂದೇ ಟವೆಲನ್ನು ಮತ್ತೆ ಮತ್ತೆ ಮಡಿಸಿದ.

ರಕ್ತದೊತ್ತಡ ಇಳಿದಿದೆ. ಡಾಕ್ಟರು ಏನು ಮಾಡಿದಿರಿ ಎಂದರು. ದಿನಚರಿ ಬರೆದದ್ದಕ್ಕೇ ಇರಬೇಕು.

ಜನವರಿ 17, ಶನಿವಾರ

ಆಡಿಸಿ ನೋಡಿದರು. ಚೆನ್ನಾಗಿ ಆಡಿದ. ಇಪ್ಪತ್ತರ ಹುಡುಗರು ಇಬ್ಬರು ಅವನನ್ನು ದಾಟಲು ಹೋಗಿ ಮಣ್ಣು ಮುಕ್ಕಿದರು. ಮ್ಯಾನೇಜರ್ ಕೆಮ್ಮುತ್ತಲೇ ನನ್ನ ಕೈ ಕುಲುಕಿ, "ಬುಧವಾರ ಕಾಗದ ಕಳಿಸ್ತೀನಿ" ಎಂದರು. ಅಕ್ಕನಿಗೆ ಫೋನಿನಲ್ಲಿ ಹೇಳಿದೆ, ಆ ಕಡೆಯಿಂದ ಬಂದ ಕೂಗಿಗೆ ಫೋನು ಕಿವಿಯಿಂದ ದೂರ ಹಿಡಿಯಬೇಕಾಯಿತು.

ನನಗೂ ಸಂತೋಷ ಆಗಬೇಕಿತ್ತು.

ಅವನು ಒಂದು ಸಲವೂ ಎಡಕ್ಕೆ ತಿರುಗಲಿಲ್ಲ. ಚೆಂಡು ಎಡಗಡೆ ಹೋದಾಗಲೂ ಬಲಕ್ಕೆ ಹೊರಳಿ, ಪೂರ್ತಿ ಸುತ್ತು ಹಾಕಿ ಹೋಗುತ್ತಿದ್ದ. ಎಷ್ಟು ಜಾಣತನದಿಂದ ಮಾಡಿದನೆಂದರೆ ಅದೇ ಅವನ ಶೈಲಿ ಎಂದು ಎಲ್ಲರೂ ಅಂದುಕೊಂಡರು. ಏಳು ತಿಂಗಳು ದಿನವೂ ಅವನ ಕಾಲನ್ನೇ ನೋಡಿದ ನನಗೆ ಹಾಗೆ ಅನಿಸಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನಿದ್ದೆ ಬಂದವನಂತೆ ಕಣ್ಣು ಮುಚ್ಚಿದ್ದ. ಅಂಗೈ ಮಾತ್ರ ಮಂಡಿಯ ಮೇಲೆಯೇ ಇತ್ತು.

ಜನವರಿ 18, ಭಾನುವಾರ

ಕೇಳಿಬಿಟ್ಟೆ.

"ನೋವಿದೆಯಾ?"

"ಇಲ್ಲ ಸಾರ್."

"ಎಡಕ್ಕೆ ತಿರುಗು, ನೋಡೋಣ. ಇಲ್ಲೇ, ನನ್ನ ಮುಂದೆ."

ಅವನು ತಿರುಗಲಿಲ್ಲ. ಇಷ್ಟು ತಿಂಗಳಲ್ಲಿ ಅವನು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಇವತ್ತು ಕೇಳಿದೆ.

"ನಿಮ್ಮ ಕೆಲಸ ಸಹಿ ಹಾಕ್ಸೋದು ಸಾರ್. ಮಂಡಿ ನಂದು. ಅವರಿಗೆ ಗೊತ್ತಾಗಿಲ್ಲ, ನೀವ್ಯಾಕೆ ನೋಡೋಕೆ ಹೋದ್ರಿ? ಹನ್ನೊಂದು ವರ್ಷದಿಂದ ಬೆಳಿಗ್ಗೆ ಎದ್ದು ಬೂಟು ಹಾಕ್ಕೊಂಡಿದೀನಿ. ಬೇರೆ ಏನೂ ಕಲ್ತಿಲ್ಲ. ಬೂಟು ಹಾಕ್ಕೊಳ್ಳೋದು ಇಲ್ಲ ಅಂದ್ರೆ ಬೆಳಿಗ್ಗೆ ಎದ್ದು ಏನು ಮಾಡ್ತಾರೆ ಸಾರ್ ಜನ?"

"ಚಪ್ಪಲಿ ಹಾಕ್ಕೋತಾರೆ" ಎಂದೆ. ನಗಿಸಲು ಹೋದೆ, ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಅವನು ನನ್ನನ್ನೇ ನೋಡಿದ. "ಸಹಿ ಹಾಕೋದಾದ್ರೆ ನಾನೇ ಪೆನ್ನು ಹಿಡ್ಕೊಂಡು ನಿಲ್ತೀನಿ. ಆದ್ರೆ ಮೊದಲು ಡಾಕ್ಟರಿಗೆ ತೋರಿಸೋಣ. ಇಷ್ಟು ನನಗೋಸ್ಕರ" ಎಂದೆ.

ಈ ಒಪ್ಪಂದ ಇಲ್ಲದಿದ್ದರೆ ನನ್ನ ಕೈಯಲ್ಲಿ ಇನ್ಯಾವ ವ್ಯವಹಾರವೂ ಇಲ್ಲ. ಇದನ್ನು ಬರೆಯುವಾಗ ನೆನಪಾಯಿತು.

ಜನವರಿ 20, ಮಂಗಳವಾರ

ಹೊಲಿದ ಲಿಗಮೆಂಟ್ ಸಡಿಲವಾಗಿದೆ. ಯಾರ ತಪ್ಪೂ ಅಲ್ಲ, ಕೆಲವರಿಗೆ ಹಾಗಾಗುತ್ತದೆ ಎಂದರು ಡಾಕ್ಟರು. ಆಡಿದರೆ ಒಂದು ಕೆಟ್ಟ ತಿರುವು ಸಾಕು, ನಲವತ್ತಕ್ಕೆ ಕೋಲು ಹಿಡಿಯಬೇಕು. ಆಡದಿದ್ದರೆ ಜೀವನವಿಡೀ ಏನೂ ಆಗುವುದಿಲ್ಲ. ಬೇಲಿ ಒಂದೇ ಪ್ರಶ್ನೆ ಕೇಳಿದ.

"ಓಡಬಹುದಾ ಡಾಕ್ಟ್ರೇ?"

"ಧಾರಾಳವಾಗಿ. ನೇರವಾಗಿ ಓಡಿ. ಗಕ್ಕನೆ ತಿರುಗಬೇಡಿ."

ಹೊರಗೆ ಬಂದು ಬೀದಿ ದಾಟುವಾಗ, "ನೇರ ಓಡೋದು ಫುಟ್‌ಬಾಲ್ ಅಲ್ಲ ಸಾರ್, ಬಸ್ ಹಿಡಿಯೋದು" ಎಂದ. ಮನೆಯ ತನಕ ನಾನು ಅವನ ಎಡಗಡೆ ನಡೆದೆ.

ಜನವರಿ 21, ಬುಧವಾರ

ಕಾಗದ ಬಂತು. ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಪೆನ್ನನ್ನೂ ಇಟ್ಟೆ, ಮಾತು ಕೊಟ್ಟಿದ್ದೆನಲ್ಲ. ಬೇಲಿ ಕೋಣೆಯ ಬಾಗಿಲು ಹಾಕಿಕೊಂಡಿದ್ದ. ಅಕ್ಕ ಬಾಗಿಲಾಚೆ ಮಣೆ ಹಾಕಿಕೊಂಡು ಕುಳಿತು ಕಾಳು ಆರಿಸುತ್ತಿದ್ದಳು. ಕೂಗಲಿಲ್ಲ, ಬಾಗಿಲು ತಟ್ಟಲಿಲ್ಲ. ಆರಿಸಿದ ಕಾಳನ್ನೇ ಮತ್ತೆ ಆರಿಸಿದಳು.

ಮಧ್ಯಾಹ್ನ ಹೊರಗೆ ಬಂದ. ಕಾಗದ ಪೂರ್ತಿ ಓದಿದ. "ಫೋನ್ ನಾನೇ ಮಾಡ್ತೀನಿ ಸಾರ್" ಎಂದ.

ಮ್ಯಾನೇಜರಿಗೆ ಎಲ್ಲ ಹೇಳಿದ. ಎಡಕ್ಕೆ ತಿರುಗಲಾಗುವುದಿಲ್ಲ, ಅವತ್ತು ಮುಚ್ಚಿಟ್ಟಿದ್ದೆ, ಕ್ಷಮಿಸಿ. ಆ ಕಡೆ ಕೆಮ್ಮು ಕೇಳಿಸಿತು. ಆಮೇಲೆ, "ಹೇಳಿದ್ದು ಒಳ್ಳೇದಾಯ್ತು ಕಣಪ್ಪ" ಎಂದಷ್ಟೇ ಹೇಳಿ ಇಟ್ಟರು. ಅಷ್ಟೇ. ಹನ್ನೊಂದು ವರ್ಷ ಅಷ್ಟರಲ್ಲಿ ಮುಗಿಯಿತು.

ಅಕ್ಕ ಮಣೆಯಿಂದ ಎದ್ದು, "ಊಟಕ್ಕೆ ಬನ್ನಿ" ಎಂದಳು. ಇಷ್ಟು ಮೆಲ್ಲಗೆ ಅವಳು ಯಾರನ್ನೂ ಕರೆದದ್ದಿಲ್ಲ.

ಫೆಬ್ರುವರಿ 3, ಮಂಗಳವಾರ

ಫಿಸಿಯೋ ಮೇಡಂ ಬಂದಿದ್ದರು. ಅವರ ಕ್ಲಿನಿಕ್ಕಿಗೆ ಸಹಾಯಕ ಬೇಕಂತೆ. ಹೇಳಿಕೊಡುತ್ತಾರೆ, ಪರೀಕ್ಷೆಗೂ ಕೂರಿಸುತ್ತಾರೆ. "ನಾನು ಕಿರುಚಿಸ್ತೀನಿ, ಇವನು ಸಮಾಧಾನ ಮಾಡ್ಲಿ" ಎಂದರು. ಬೇಲಿ ಬರುತ್ತೇನೆ ಎಂದ. ಮುಖದಲ್ಲಿ ಅಂಥ ಗೆಲುವೇನೂ ಇರಲಿಲ್ಲ, ಆದರೆ ಎಷ್ಟು ಗಂಟೆಗೆ ಬರಬೇಕು ಎಂದು ಕೇಳಿದ.

ನಿವೃತ್ತಿಯ ವಿಷಯ ಪತ್ರಿಕೆಗೆ ಕೊಡೋಣ ಎಂದರೆ, "ಯಾರು ಓದ್ತಾರೆ ಸಾರ್, ಬಿಡಿ" ಎನ್ನುತ್ತಾನೆ. ಕೇಳಲಿಲ್ಲ. ನಾನೇ ಬರೆದು ಎಲ್ಲ ಪತ್ರಿಕೆಗಳಿಗೂ ಕಳಿಸಿದೆ. ಮಿಂಚಿನ ಬಗ್ಗೆ ಪುಟಗಟ್ಟಲೆ ಬರೆದವನಿಗೆ ಇದು ಬಹಳ ಹೊತ್ತು ಹಿಡಿಯಿತು. 'ಹನ್ನೊಂದು ವರ್ಷ ಎಡಬದಿ ಕಾದ. ಹೊಡೆದ ಗೋಲು ಒಂದು, ಅದು ನಮ್ಮದೇ ಬಲೆಗೆ. ತಡೆದ ಗೋಲುಗಳನ್ನು ಯಾರೂ ಎಣಿಸಿಲ್ಲ.' ಅಕ್ಕನಿಗೆ ಓದಿ ಹೇಳಿದೆ. ಕೊನೆಯ ವಾಕ್ಯ ಇನ್ನೊಮ್ಮೆ ಓದು ಎಂದಳು.

ಫೆಬ್ರುವರಿ 5, ಗುರುವಾರ

ಒಂದೇ ಪತ್ರಿಕೆಯಲ್ಲಿ ಬಂದಿದೆ. ಮಿಂಚಿನ ದೊಡ್ಡ ಚಿತ್ರದ ಕೆಳಗೆ, ಮೂಲೆಯಲ್ಲಿ, ಒಂದೇ ಸಾಲು: 'ಬಲಬದಿಯ ಡಿಫೆಂಡರ್ ಬೇಲಿ ಗಾಯದ ಕಾರಣ ನಿವೃತ್ತಿ.'

ಬೇಲಿ ತಿಂಡಿ ತಿನ್ನುತ್ತ ಓದಿದ. "ಸಾರ್, ನಾನು ಇಷ್ಟು ವರ್ಷ ಬಲಗಡೆ ಆಡ್ತಿದ್ನಾ? ಅದಕ್ಕೇ ಯಾರಿಗೂ ಕಾಣ್ಲಿಲ್ಲ ಅನ್ಸುತ್ತೆ!" ಎಂದು ಜೋರಾಗಿ ನಕ್ಕ. ಅಕ್ಕ ನಕ್ಕಳು, ನಾನೂ ನಕ್ಕೆ. ಆಮೇಲೆ ಅವನು ಬಟ್ಟೆ ಒಣಹಾಕುತ್ತೇನೆ ಎಂದು ಬಾಲ್ಕನಿಗೆ ಹೋದ. ಬಟ್ಟೆಗಳನ್ನೆಲ್ಲ ಅಕ್ಕ ಆಗಲೇ ಒಣಹಾಕಿದ್ದಳು. ಹಗ್ಗ ಹಿಡಿದು ನಿಂತಿದ್ದವನ ಬೆನ್ನು ಗಾಜಿನಾಚೆ ಅಲುಗುತ್ತಿತ್ತು.

ಶೂ ಹಾಕಿಕೊಂಡು ಪತ್ರಿಕೆಯ ಆಫೀಸಿಗೆ ಹೋದೆ. ಕ್ರೀಡಾಪುಟ ನೋಡುವವನು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.

"ಎಡಾನೋ ಬಲಾನೋ, ಯಾರಿಗೆ ಗೊತ್ತಾಗುತ್ತೆ ಸಾರ್?"

"ಅವನಿಗೆ ಗೊತ್ತಾಗುತ್ತೆ."

"ಒಂದು ಸಾಲಿನ ಸುದ್ದಿಗೆ ತಿದ್ದುಪಡಿ ಹಾಕಿದ್ರೆ ತಿದ್ದುಪಡಿನೇ ಸುದ್ದಿಗಿಂತ ದೊಡ್ಡದಾಗುತ್ತೆ."

"ಆಗ್ಲಿ."

ಆಗ ತಲೆ ಎತ್ತಿದ. "ಅಲ್ಲಾ ಸಾರ್, ನೀವು ಅವನ ಏಜೆಂಟ್ ತಾನೆ? ಅವನು ಆಟಾನೇ ಬಿಟ್ಟಮೇಲೆ ನಿಮಗೆ ಇದ್ರಿಂದ ಏನಾಗ್ಬೇಕು?"

ಪಕ್ಕದ ಕುರ್ಚಿ ಎಳೆದುಕೊಂಡು ಅವನ ಎದುರು ಕುಳಿತೆ. ಅವನು ಒಂದು ಫೋನ್ ಮಾಡಿದ, ಇನ್ನೊಂದು ಮಾಡಿದ, ಚಹಾ ತರಿಸಿ ಕುಡಿದ. ನಾನು ಏಳಲಿಲ್ಲ. ಕೊನೆಗೆ ನಿಟ್ಟುಸಿರು ಬಿಟ್ಟು ಟೈಪ್ ಮಾಡಿದ. ಪರದೆಯಲ್ಲಿ ಓದಿ ನೋಡಿದ ಮೇಲೆ ಎದ್ದೆ.

ಮನೆಗೆ ಬಂದಾಗ ತಿಳಿಯಿತು, ಇವತ್ತು ಅದೇ ಹೊತ್ತಿಗೆ ಒಬ್ಬ ಹೊಸ ಫಾರ್ವರ್ಡ್ ತನ್ನ ಅಪ್ಪನ ಜೊತೆ ಆಫೀಸಿಗೆ ಬರುವವನಿದ್ದ. ಎರಡು ತಿಂಗಳಿಂದ ನಾನು ಬೆನ್ನು ಹತ್ತಿದ್ದ ಹುಡುಗ. ಕಾದು ಕಾದು ಹೋದರಂತೆ, ದರ್ಜಿ ಫೋನ್ ಮಾಡಿ ಹೇಳಿದ. ನೆನಪೇ ಆಗಿರಲಿಲ್ಲ.

ಫೆಬ್ರುವರಿ 6, ಶುಕ್ರವಾರ

ಬಂದಿದೆ. ಮೂರು ಸಾಲು, ಚೌಕಟ್ಟಿನೊಳಗೆ: 'ನಿನ್ನೆಯ ಸಂಚಿಕೆಯಲ್ಲಿ ಆಟಗಾರ ಬೇಲಿಯವರ ಕುರಿತು ಬಲಬದಿಯ ಎಂದು ಪ್ರಕಟವಾಗಿತ್ತು. ಅದನ್ನು ಎಡಬದಿಯ ಎಂದು ಓದಿಕೊಳ್ಳಬೇಕು. ತಪ್ಪಿಗೆ ವಿಷಾದಿಸುತ್ತೇವೆ.'

ಬೇಲಿ ನಿಂತೇ ಓದಿದ. ಕುಳಿತು ಇನ್ನೊಮ್ಮೆ ಓದಿದ.

"ಗಲಾಟೆ ಮಾಡಿದ್ರಾ ಸಾರ್?"

"ಇಲ್ಲಪ್ಪ. ಒಂದು ಮಾತು ಹೇಳ್ದೆ, ಅಷ್ಟೆ."

"ಇವನು ಒಂದೇ ಮಾತಲ್ಲಿ ಮುಗಿಸಿದ್ದನ್ನ ನಾನಂತೂ ಕಂಡಿಲ್ಲ" ಎಂದಳು ಅಕ್ಕ ಅಡುಗೆಮನೆಯಿಂದ.

ಅವನು ಬೆರಳಿಂದ 'ಎಡಬದಿಯ' ಎಂಬ ಅಕ್ಷರಗಳನ್ನು ಒಂದು ಸಲ ಸವರಿದ. ಪತ್ರಿಕೆಯನ್ನು ನನಗೆ ಕೊಟ್ಟು, ಬಾಗಿಲ ಹತ್ತಿರ ಹೋಗಿ, ಚಪ್ಪಲಿ ಮೆಟ್ಟಿಕೊಂಡು ಕ್ಲಿನಿಕ್ಕಿಗೆ ಹೊರಟ. ಇವತ್ತು ಅವನ ಮೊದಲನೇ ದಿನ. ಅಕ್ಕ, ನಾನು ಬಾಲ್ಕನಿಯಿಂದ ಬಗ್ಗಿ ನೋಡಿದೆವು. ಬೀದಿಯ ಕೊನೆಯಲ್ಲಿ ನಿಂತು, ವಾಹನಗಳು ಹೋಗಲಿ ಎಂದು ಕಾದು, ನಿಧಾನವಾಗಿ, ಎಡಕ್ಕೆ ತಿರುಗಿ ಹೋದ.